ಬೇಸಿಗೆ ಕಂಬಳಿ

ನಮ್ಮ ಮನೆಯ ಪೂರ್ವದ ಕಿಟಕಿಗೆ ಕದವಿಲ್ಲ. ಮಾಡಿಕೊಡುತ್ತೇನೆಂದು ಅಳತೆ ತೆಗೆದುಕೊಂಡು ಹೋದ ಬಡಗಿ ಎದುರು ಸಿಕ್ಕಾಗಲೆಲ್ಲ ಕೈಮುಗಿಯುತ್ತಾನೆ. ಕದ ಮಾತ್ರ ಬಂದಿಲ್ಲ. ಆದ್ದರಿಂದ ಅಲ್ಲಿ ಒಂದು ಕರಿ ಕಂಬಳಿಯನ್ನು ಇಳಿಬಿಟ್ಟಿದ್ದೇನೆ. ಬೆಳಗಿನ ಬಿಸಿಲು ಅದರ ಮೇಲೆ ಬಿದ್ದೊಡನೆ ಎದುರಿನ ಗೋಡೆಯಲ್ಲಿ ಸಾಸಿವೆ ಚೆಲ್ಲಿದಂತೆ ಬೆಳಕಿನ ಚುಕ್ಕಿಗಳು ಏಳುತ್ತವೆ. ಸೂರ್ಯ ಹುಟ್ಟಿದ ಮೇಲೆ ಹಾಸಿಗೆಯಲ್ಲಿ ಮಲಗಿಕೊಂಡೇ ನಕ್ಷತ್ರ ನೋಡುವ ಭಾಗ್ಯ ಈ ಮಧುಗಿರಿಯಲ್ಲಿ ನನ್ನೊಬ್ಬಳಿಗೇ ಇದೆಯೆಂದು ಕಾಣುತ್ತದೆ.

"ಅತ್ತೆ, ಇದರಲ್ಲಿ ರಾಗಿ ಹಿಟ್ಟು ಜರಡಿ ಹಿಡಿಯಬಹುದು," ಎಂದು ನನ್ನ ತಮ್ಮನ ಮಗಳು ಗಿರಿಜೆ ಮೊನ್ನೆ ಹೇಳಿದಳು. "ಯಾರಿಗಾದರೂ ಕೊಟ್ಟುಬಿಡಬಾರದೆ?"

"ಜರಡಿಯನ್ನು ಕಂಬಳಿಯೆಂದು ಕೊಟ್ಟರೆ ಮೋಸವಾಗುತ್ತದಮ್ಮ," ಎಂದೆ.

"ಹಾಗಾದರೆ ಜರಡಿಯೆಂದೇ ಕೊಡಿ."

ಹುಡುಗಿಯ ಬುದ್ಧಿ ಚುರುಕು. ಆದರೂ ನಾನು ಕೊಡಲಿಲ್ಲ. ಏಕೆಂಬುದನ್ನು ಹೇಳಹೊರಟೆ; ಅವಳಿಗೆ ಶಾಲೆಗೆ ಹೊತ್ತಾಗಿತ್ತು. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ. ನಿಮಗೆ ಹೊತ್ತಿದೆಯೆಂದು ನಂಬಿದ್ದೇನೆ.

ಮೋಸವೆಂಬ ಮಾತು ನನ್ನ ಬಾಯಿಗೆ ಬಹಳ ಎಳವೆಯಲ್ಲೇ ಅಂಟಿಕೊಂಡಿತು. ನಮ್ಮ ತಂದೆಗೆ ಇದೇ ಊರಿನ ಪೇಟೆಯಲ್ಲಿ ಜವಳಿ ಅಂಗಡಿ. ಒಂದು ಸಲ ಅವರು ಬೆಂಗಳೂರಿನಿಂದ ಗೋಡೆ ಗಡಿಯಾರವೊಂದನ್ನು ತಂದು, ಅಂಗಡಿಯ ಹೊರಗೋಡೆಗೆ ತೂಗುಹಾಕಿದರು. ಗಂಟೆ ಹೊಡೆಯುವ ಹೊತ್ತಿಗೆ ಅದರ ಪುಟ್ಟ ಬಾಗಿಲು ತೆರೆದು ಒಂದು ಮರದ ಹಕ್ಕಿ ಹೊರಬಂದು ಕೂಗಿ ಒಳಗೆ ಹೋಗುತ್ತಿತ್ತು. ಕೊರಟಗೆರೆ ಕಡೆಯಿಂದ ಸಂತೆಗೆ ಬಂದವರು ಆ ಹಕ್ಕಿಗಾಗಿ ಕಾದು ನಿಲ್ಲುತ್ತಿದ್ದರು. ಕಾಲು ನೋಯುತ್ತದೆಯೆಂದು ಜಗಲಿಯಲ್ಲಿ ಕೂರುತ್ತಿದ್ದರು. ಕೂತ ಮೇಲೆ ಸುಮ್ಮನೆ ಏಳುವುದು ಚೆನ್ನಲ್ಲವೆಂದು ಒಂದು ಟವಲನ್ನಾದರೂ ಕೊಳ್ಳುತ್ತಿದ್ದರು. ನಾನು ಸೊಂಟಕ್ಕೆ ಕೈಯಿಟ್ಟು ತಂದೆಯ ಮುಂದೆ ನಿಂತು, "ಅಪ್ಪಾ, ಇದು ಮೋಸ. ಹಕ್ಕಿ ತೋರಿಸಿ ಬಟ್ಟೆ ಮಾರುತ್ತೀರಿ," ಎಂದೆನಂತೆ.

ತಂದೆ ಗಜಕಡ್ಡಿಯನ್ನು ಕೆಳಗಿಟ್ಟು, "ಹಕ್ಕಿ ಕೂಗಿದ್ದು ಸುಳ್ಳೇನವ್ವಾ? ಬಟ್ಟೆ ಅಳತೆ ಕಮ್ಮಿಯಾಯಿತೇನು?" ಎಂದು ಕೇಳಿದರಂತೆ. ಎರಡೂ ಇಲ್ಲ. ನಾನು ಅತ್ತುಬಿಟ್ಟೆನೆಂದು ನಮ್ಮ ತಾಯಿ ಹೇಳುತ್ತಿದ್ದರು. ಅವರು ಮುಂದಾಲೋಚನೆಯ ಹೆಂಗಸು: ಇವಳನ್ನು ಅಂಗಡಿಯ ಹತ್ತಿರ ಇಟ್ಟರೆ ವ್ಯಾಪಾರ ಕೆಡುತ್ತದೆಂದು ನನ್ನನ್ನು ಬೆಂಗಳೂರಿಗೆ ಓದಲು ಕಳಿಸಿದರು.

ಆ ಶಾಲೆಯಲ್ಲಿ ನಮಗೆ ಕಲಿಸಿದ ಮುಖ್ಯ ಪಾಠವೆಂದರೆ, ಕಂಡ ಅನ್ಯಾಯವನ್ನು ಅದರ ಹೆಸರು ಹಿಡಿದು ಕರೆಯಬೇಕೆಂಬುದು. ನಾನು ಕಲಿತದ್ದನ್ನು ಮರೆಯಲಿಲ್ಲ. ಎಳೆಯ ಹೆಣ್ಣುಮಕ್ಕಳ ಮದುವೆ, ಹೊಲೆಗೇರಿಗೆ ಬೇರೆಯಾದ ಬಾವಿ, ದಲ್ಲಾಳಿಯ ತಕ್ಕಡಿ, ಗಂಡಸರು ಉಂಡ ಮೇಲೆ ಉಳಿದದ್ದನ್ನು ಹೆಂಗಸರು ಉಣ್ಣುವ ಪದ್ಧತಿ, ಗುಣಪಡಿಸದ ಗುಳಿಗೆಗಳ ಜಾಹೀರಾತು - ಒಂದೊಂದನ್ನೂ ಹೆಸರು ಹಿಡಿದು ಕರೆದೆ. ಅವೆಲ್ಲವೂ ತಪ್ಪೇ, ಇಂದಿಗೂ ತಪ್ಪೇ. ಆದರೆ ಹೆಸರು ಹಿಡಿದು ಕರೆದರೆ ಅವು ಎದ್ದು ಹೊರಟುಹೋಗುವುದಿಲ್ಲವೆಂಬುದು ತಿಳಿಯಲು ನನಗೆ ಹಲವು ವರ್ಷ ಬೇಕಾಯಿತು.

ಆ ವರ್ಷಗಳಲ್ಲಿ ನಾನು ಸಿರಾ ಸೀಮೆಯ ಬುಕ್ಕಾಪಟ್ಟಣದಲ್ಲಿ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ. ಊರಾಚೆ ಕುರುಚಲು ಕಾಡಿನ ಅಂಚಿಗೆ ಕುರುಬರ ಒಂದು ಹಟ್ಟಿ. ಗಂಡಸರು ಕುರಿ ಕಾಯುತ್ತಿದ್ದರು, ಕಂಬಳಿ ನೇಯುತ್ತಿದ್ದರು. ಹೆಂಗಸರು ಉಣ್ಣೆ ಹಿಂಜಿ ನೂಲುತ್ತಿದ್ದರು. ಆ ಕಂಬಳಿಗಳನ್ನು ದಲ್ಲಾಳಿಯೊಬ್ಬ ತಾನು ಹೇಳಿದ ಬೆಲೆಗೆ ಎತ್ತಿಕೊಂಡು ಹೋಗುತ್ತಿದ್ದ. ಇದನ್ನು ನಾನು ಸುಮ್ಮನೆ ನೋಡಿಕೊಂಡಿರಲು ಸಾಧ್ಯವೆ? ಸಂಜೆ ಸಂಜೆ ಹೋಗಿ ಭಾಷಣ ಮಾಡಿದೆ. ಕೊನೆಗೆ ಹಟ್ಟಿಯವರೆಲ್ಲ ಸೇರಿ ಸಂಘವೊಂದನ್ನು ಕಟ್ಟಿದರು. ದಲ್ಲಾಳಿಯನ್ನು ಬಿಟ್ಟು ತಾವೇ ಮಾರುವುದೆಂದು ಒಪ್ಪಿದರು. ನೇಯುವವರಲ್ಲಿ ಹಿರಿಯನಾದ ಕರಿಯಣ್ಣ ಸಂಘದ ಯಜಮಾನನಾದ.

ಕಂಬಳಿಗಳು ಮಾರಾಟವಾಗಲಿಲ್ಲ. ಆ ವರ್ಷವೇ ಸಿರಾಕ್ಕೆ ಗಿರಣಿಯ ರಗ್ಗುಗಳು ಬಂದಿದ್ದವು. ಅವನ್ನು ತರಿಸಿದ ಸಾಹುಕಾರರು ಸಂತೆಯಲ್ಲಿ ಗ್ರಾಮಫೋನಿಟ್ಟು ಹಾಡು ಹಾಕಿಸಿದರು. ಊರೂರಿಗೆ ಗಾಡಿ ಕಳಿಸಿ ಮಾಯಾಲಾಟೀನಿನಿಂದ ಗಾಜಿನ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. ಜನ ಹಾಡಿಗೆ ಹೋದರು, ಚಿತ್ರಕ್ಕೆ ಹೋದರು, ರಗ್ಗು ಹೊದ್ದುಕೊಂಡು ಬಂದರು. ಹಟ್ಟಿಯ ಮನೆಗಳಲ್ಲಿ ಕಂಬಳಿಯ ಒಟ್ಟಿಲು ಸೂರು ಮುಟ್ಟುತ್ತಿತ್ತು.

"ಚಳಿಗಾಲದ ಸಂತೆ ಒಂದು ನೋಡ್ತೀವಿ ಮೇಷ್ಟ್ರಮ್ಮ," ಎಂದು ಕರಿಯಣ್ಣ ಒಂದು ದಿನ ಹೇಳಿದ. "ಆವಾಗ್ಲೂ ಹೋಗ್ನಿಲ್ಲ ಅಂದ್ರೆ ದಲ್ಲಾಳಿ ಕಾಲು ಹಿಡೀತೀವಿ. ನಿಮ್ಮ ಮಾತು ಚೆನ್ನಾಗೈತೆ. ಮಾತು ಹೊದ್ಕಂಡು ಮಲಗಾಕಾಗಲ್ಲ."

ಆತ ಹೇಳಿದ್ದರಲ್ಲಿ ಅನ್ಯಾಯವೆಲ್ಲಿದೆಯೆಂದು ಹುಡುಕಿದೆ. ಸಿಗಲಿಲ್ಲ.

ಹೀಗಿರುವಾಗ ಸಾಹುಕಾರರ ಲಾಟೀನಿನ ಗಾಡಿ ಆ ಹಟ್ಟಿಗೇ ಬಂತು. ಕಂಬಳಿ ನೇಯುವವರ ಬಾಗಿಲಲ್ಲೇ ರಗ್ಗು ಮಾರಬೇಕೆಂಬುದು ಅವರ ಹಟ. ಲಾಟೀನು ಮಾತ್ರ ಅವರದಲ್ಲ, ತುಮಕೂರಿನ ಶಾಮಣ್ಣನೆಂಬಾತನದು. ಚಹಾ, ಸಾಬೂನು, ದೀಪ, ಯಾರು ಕರೆದರೆ ಅವರ ಚಿತ್ರ ತೋರಿಸುವುದು ಆತನ ಕಸುಬು. ದೀಪ ಹಚ್ಚುವ ಹೊತ್ತಿಗೆ ಶಾಮಣ್ಣ ಎರಡು ಬಿದಿರು ಗಳ ನೆಟ್ಟು, ನಡುವೆ ಬಿಳಿ ಬಟ್ಟೆ ಕಟ್ಟಿದ. ಕಟ್ಟಿದ್ದೇ ತಡ, ಹಿರಿಯರೆಲ್ಲ ಎದ್ದು ನಿಂತರು.

"ಮುಸ್ಸಂಜೆ ಹೊತ್ನಾಗೆ ಬಿದ್ರು ಗಳಕ್ಕೆ ಬಿಳಿ ಬಟ್ಟೆ ಕಟ್ತೀರಲ್ಲ ಸ್ವಾಮಿ, ಯಾರನ್ನ ಹೊತ್ಕಂಡು ಹೋಗಾಕೆ?" ಎಂದು ಒಬ್ಬರು ಕೇಳಿದರು.

ಚಟ್ಟದ ನೆನಪು ತರುವ ಆ ಬಟ್ಟೆ ಇಳಿಯಿತು. ಆದರೆ ಬಂದ ಅತಿಥಿಯನ್ನು ಬರಿಗೈಯಲ್ಲಿ ನಿಲ್ಲಿಸುವುದು ಹಟ್ಟಿಯ ಮರ್ಯಾದೆಯಲ್ಲ. ಪರದೆ ತಾನೆ ಬೇಕು? ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಗದ್ದುಗೆಗೆ ಹಾಸುವ ಕಂಬಳಿಯನ್ನು, ಇಡೀ ಹಟ್ಟಿಗೆ ಅತ್ಯಂತ ಗೌರವದ ವಸ್ತುವನ್ನು, ಪೆಟ್ಟಿಗೆಯಿಂದ ತೆಗೆದು ಆ ಗಳಗಳಿಗೆ ಕಟ್ಟಿದರು. ಅದು ಇದ್ದಿಲಿನಂತೆ ಕಪ್ಪಗಿತ್ತು. ಶಾಮಣ್ಣ ಬಾಯಿ ತೆರೆದ; ಹಿರಿಯರು ಕಂಬಳಿಗೆ ಕೈಮುಗಿಯುವುದನ್ನು ಕಂಡು ಮುಚ್ಚಿದ.

ಅಷ್ಟರಲ್ಲಿ ನನಗೆ ಬೇರೊಂದು ಅನ್ಯಾಯ ಕಾಣಿಸಿತ್ತು. ಗಂಡಸರೆಲ್ಲ ಪರದೆಯ ಮುಂದೆ, ಹೆಂಗಸರೆಲ್ಲ ಪರದೆಯ ಹಿಂದೆ. ಹಿರಿಯರ ಮುಂದೆ ಹೆಂಗಸರು ಕಾಲು ಮಡಿಸಿ ಕೂರಬಾರದಂತೆ. ನಾನು ಪ್ರತಿಭಟಿಸಿದೆ. ನನ್ನ ಪ್ರತಿಭಟನೆಗೆ ಹೆಂಗಸರಿಂದಲೇ ವಿರೋಧ ಬಂತು. "ಇಲ್ಲಿ ಹಾಯಾಗೈತೆ, ನೀನೂ ಬಾರವ್ವ ಇಂಗೆ," ಎಂದು ಈರಜ್ಜಿ ನನ್ನ ಸೆರಗು ಹಿಡಿದು ಕೂರಿಸಿಕೊಂಡಳು. ಈಕೆ ಕರಿಯಣ್ಣನ ತಾಯಿ. ನೂಲುವ ಕೈ ಎಂದೂ ನಿಂತದ್ದಿಲ್ಲ. ನಾಲಿಗೆಯಂತೂ ಕೈಯ ಜೊತೆ ಪಂದ್ಯ ಕಟ್ಟಿದಂತೆ ಓಡುತ್ತಿತ್ತು.

ಲಾಟೀನು ಹೊತ್ತಿತು. ಮುಂದೆ ಕುಳಿತವರಿಗೆ ಏನು ಕಂಡಿತೋ ದೇವರೇ ಬಲ್ಲ. ಕಪ್ಪು ಕಂಬಳಿ ಬೆಳಕನ್ನೆಲ್ಲ ನುಂಗಿತ್ತು. ಆದರೂ ಗಾಡಿ ಕಟ್ಟಿಕೊಂಡು ಬಂದು ತೋರಿಸುವವರ ಮನಸ್ಸು ನೋಯಬಾರದಲ್ಲ. "ಬಲು ಚೆನ್ನಾಗೈತೆ," ಎಂದರು ಒಬ್ಬರು. "ಕಣ್ಣಿಗೆ ಕಟ್ಟಿದಂಗೈತೆ," ಎಂದರು ಇನ್ನೊಬ್ಬರು.

ನಮ್ಮ ಕಡೆಯಿಂದ ಈರಜ್ಜಿ ಕೂಗಿ ಹೇಳಿದಳು: "ನಿಮ್ಗೆ ಬಂತೇನೋ, ನಮ್ಗೇನೂ ಬಂದಿಲ್ಲ ಕಣ್ರಪ್ಪ. ಈ ಕಡೀಕೆ ಬರೀ ಕತ್ಲೆ."

ಸಾಹುಕಾರರ ತಾಳ್ಮೆ ಮುಗಿಯಿತು. "ತೆಗೀರಿ ಆ ಕರಿ ಕಂಬಳೀನ. ನಮ್ಮ ರಗ್ಗನ್ನೇ ಕಟ್ಟಿ," ಎಂದರು. ಗದ್ದುಗೆಯ ಕಂಬಳಿಯನ್ನು ಮಡಿಸಿ ಒಳಗೆ ಒಯ್ದರು. ಕೆನೆಬಣ್ಣದ ಹೊಸ ರಗ್ಗು ಮೇಲೇರಿತು. ಚಿತ್ರ ಥಟ್ಟನೆ ಮೂಡಿತು: ಮಂಚದ ಮೇಲೆ ರಗ್ಗು ಹೊದ್ದು ನಗುತ್ತ ಮಲಗಿದ ದೊರೆ, ಕಿಟಕಿಯಾಚೆ ಸುರಿಯುವ ಹಿಮ. ಮುಂದಿನವರಿಗೆ ಎಷ್ಟು ಸ್ಪಷ್ಟವೋ ಹಿಂದಿನ ನಮಗೂ ಅಷ್ಟೇ ಸ್ಪಷ್ಟ; ದೊರೆಯ ತಲೆ ಅವರಿಗೆ ಎಡಕ್ಕೆ, ನಮಗೆ ಬಲಕ್ಕೆ.

"ಬಂತು, ನಮ್ಗೂ ಬಂತು," ಎಂದು ಹೆಂಗಸರು ಕೈತಟ್ಟಿದರು. ಹಿಮವನ್ನು ಎಂದೂ ಕಾಣದ ಈರಜ್ಜಿ, "ಅವನ್ಯಾಕೆ ಹತ್ತಿ ಹಿಂಜೋರ ಮನೇಲಿ ಮಲಗವ್ನೆ?" ಎಂದಳು. ಅನಂತರ ಎದ್ದು ಹೋಗಿ ರಗ್ಗಿನ ಹಿಂದೆ ಕೈ ಹಿಡಿದಳು. ದೊರೆಯ ಮೂಗು ಅವಳ ಅಂಗೈ ಮೇಲೆ ಬಂದು ಕುಳಿತಿತು. ಅಂಗೈಯನ್ನೇ ಒಂದು ಗಳಿಗೆ ನೋಡಿ, ಪರದೆಯ ಅಂಚಿನಿಂದ ತಲೆ ಹೊರಹಾಕಿದಳು.

"ಸಾಹುಕಾರ್ರೆ, ಬೆಳಕೇ ತೂರ್ಕಂಡು ಬತ್ತಾ ಐತಲ್ಲ. ಬೆಳಕು ತಡೀದೋದು ಚಳಿ ತಡೀತದಾ?"

ಹಟ್ಟಿಗೆ ಹಟ್ಟಿಯೇ ನಕ್ಕಿತು. ವಿಜ್ಞಾನವನ್ನು ಅಷ್ಟಿಷ್ಟು ಓದಿದ್ದ ನನಗೆ, ಬೆಳಕನ್ನು ತಡೆಯುವುದೂ ಚಳಿಯನ್ನು ತಡೆಯುವುದೂ ಒಂದೇ ಅಲ್ಲವೆಂದು ಎದ್ದು ತಿದ್ದಬೇಕೆಂಬ ಆಸೆ ಗಂಟಲಿನವರೆಗೆ ಬಂದಿತ್ತು. ಈರಜ್ಜಿಯ ಸೊಸೆ ನನ್ನ ಬಾಯಿಗೆ ಕಡಲೆ ಹಾಕಿದಳು. ಆ ಕಡಲೆಗೆ ನಾನು ಇಂದಿಗೂ ಕೃತಜ್ಞೆ. ಗಿರಣಿಯ ರಗ್ಗೂ ಬಡವರ ಮೈ ಮುಚ್ಚುತ್ತದೆ, ಅದನ್ನು ನೇಯುವವರೂ ಕೂಲಿಯವರೇ ಎಂಬ ನ್ಯಾಯದ ಮಾತನ್ನೂ ಆಗ ಆಡಲಾಗಲಿಲ್ಲ, ಈಗ ಆಡಿದ್ದೇನೆ.

ಮಾರನೆಯ ಬೆಳಿಗ್ಗೆ ಶಾಮಣ್ಣ ನನ್ನ ಶಾಲೆಯ ಜಗಲಿಯ ಮೇಲೆ ಲಾಟೀನಿನ ಪೆಟ್ಟಿಗೆಯ ಪಕ್ಕ ಕುಳಿತಿದ್ದ.

"ಸಾಹುಕಾರರು ನನ್ನನ್ನು ಬಿಟ್ಟು ಗಾಡಿ ಹೊಡೆಸಿಕೊಂಡು ಹೋದರು ಮೇಡಮ್ನೋರೆ. ನಿಮ್ಮ ಅಜ್ಜಿಯಿಂದ ನನ್ನ ಕೆಲಸ ಹೋಯಿತು. ಇನ್ನು ನೀವೇ ಇಟ್ಟುಕೊಳ್ಳಬೇಕು."

"ನಮ್ಮ ಸಂಘ ಜನರನ್ನು ಮರುಳು ಮಾಡುವುದಿಲ್ಲ," ಎಂದೆ ಗಂಭೀರವಾಗಿ.

"ಮರುಳು ಮಾಡಬೇಡಿ. ಕರೆಯಿರಿ, ಅಷ್ಟೇ. ಕರೆಯದೆ ಯಾರು ಬರುತ್ತಾರೆ?"

ನಮ್ಮ ತಂದೆಯ ಮರದ ಹಕ್ಕಿ ಎಲ್ಲಿಂದಲೋ ಕೂಗಿದಂತಾಯಿತು. ಆತನನ್ನು ಹಟ್ಟಿಗೆ ಕರೆದುಕೊಂಡು ಹೋದೆ.

ಚಳಿಗಾಲದ ಸಂತೆಗೆ ಲಾಟೀನು ಒಯ್ಯುವುದೆಂದಾಯಿತು. ಆದರೆ ಸಂತೆ ನಡೆಯುವುದು ಹಗಲಿನಲ್ಲಿ, ಲಾಟೀನಿಗೆ ಬೇಕಾದದ್ದು ಕತ್ತಲೆ. ಶಾಮಣ್ಣ ತಲೆ ಕೆರೆದುಕೊಂಡ. ಈರಜ್ಜಿ ಕದಿರು ತಿರುಗಿಸುತ್ತಲೇ, "ಕತ್ಲೆಗೇನು ಬರ ಬಂದೈತೆ? ಮನೆ ತುಂಬ ಕಂಬ್ಳಿ ಇಲ್ವಾ?" ಎಂದಳು.

ಹೀಗೆ ಹುಟ್ಟಿತು ನಮ್ಮ ಡೇರೆ. ಮಾರಬೇಕಾದ ಕಂಬಳಿಗಳನ್ನೇ ಜಾಲಿಮುಳ್ಳಿನಿಂದ ಒಂದಕ್ಕೊಂದು ಚುಚ್ಚಿ ಗೋಡೆಯೂ ಸೂರೂ ಮಾಡುವುದು. ಒಳಗೆ ನಡುಹಗಲಲ್ಲಿ ಚಿತ್ರ ತೋರಿಸುವುದು. ಪರದೆಯಾಗಿ ಸಾಹುಕಾರರು ಸಿಟ್ಟಿನಲ್ಲಿ ಬಿಟ್ಟುಹೋಗಿದ್ದ ರಗ್ಗೇ ಇತ್ತು. ಪರದೆಯಾಗಿ ಅದು ನಿಜಕ್ಕೂ ಬಹಳ ಒಳ್ಳೆಯ ರಗ್ಗು.

ಚಿತ್ರಗಳ ವಿಷಯದಲ್ಲಿ ಮಾತ್ರ ನಾನು ಪಟ್ಟು ಹಿಡಿದೆ. ಶಾಮಣ್ಣನಲ್ಲಿದ್ದವು ಚಹಾದ ಚಿತ್ರ, ಸಾಬೂನಿನ ಚಿತ್ರ. ಕಂಬಳಿಯ ಡೇರೆಯಲ್ಲಿ ಸಾಬೂನು ತೋರಿಸುವುದು ಪ್ರಾಮಾಣಿಕತೆಯೆ? ಗಾಜಿಗೆ ದೀಪದ ಮಸಿ ಹಿಡಿಸಿ ಸೂಜಿಯಿಂದ ಗೀರಿದರೆ ಚಿತ್ರವಾಗುತ್ತದೆಂದು ಆತ ಹೇಳಿಕೊಟ್ಟ. ನಾನು ಒಂದು ಸಂಜೆಯೆಲ್ಲ ಕೂತು ಕುರಿಯೊಂದನ್ನು ಗೀರಿದೆ. ಹಟ್ಟಿಯವರು ಅದನ್ನು ಬೆಳಕಿಗೆ ಹಿಡಿದು ಕೈಯಿಂದ ಕೈಗೆ ದಾಟಿಸಿದರು. ಕುರಿಯೊಡನೆಯೇ ಬಾಳುವ ಜನ. ಗಾಜನ್ನು ತಲೆಕೆಳಗು ಮಾಡಿಯೂ ನೋಡಿದರು.

"ಬಾಲ ನೋಡಿದ್ರೆ ನಾಯಿ," ಎಂದ ಕರಿಯಣ್ಣ.

"ಹೊಟ್ಟೆ ನೋಡ್ಲಾ. ಹಂದಿ ಕಣ್ಲಾ ಅದು," ಎಂದಳು ಅವನ ತಾಯಿ. "ಇರ್ಲಿ ಬುಡು, ಮೇಷ್ಟ್ರಮ್ಮ ಪಾಪ ಕುರಿ ಅಂದ್ಕಂಡೇ ಬರದವ್ಳೆ."

ಸಿರಾ ಸಂತೆಯಲ್ಲಿ ನಮ್ಮ ಕಪ್ಪು ಡೇರೆ ಬಿಸಿಲಿನ ನಡುವೆ ಬಿಟ್ಟುಹೋದ ಇರುಳಿನ ತುಂಡಿನಂತೆ ನಿಂತಿತ್ತು. ಶಾಮಣ್ಣ ಬಾಗಿಲಲ್ಲಿ ನಿಂತು, "ಹಗಲು ಹೊತ್ತಿನಲ್ಲಿ ರಾತ್ರಿ ನೋಡಿ, ಬನ್ನಿ, ಕಾಸಿಲ್ಲ," ಎಂದು ಕೂಗಿದ. ಅದರಲ್ಲಿ ಸುಳ್ಳಿರಲಿಲ್ಲವಾದ್ದರಿಂದ ನಾನು ತಡೆಯಲಿಲ್ಲ. ಜನ ಬಂದರು. ಒಳಗೆ ತಮ್ಮ ಕೈ ತಮಗೇ ಕಾಣದಷ್ಟು ಕತ್ತಲೆ. ಚಹಾ ಬಂತು, ಸಾಬೂನು ಬಂತು (ಒಂದೇ ಹಂದಿಯಿಂದ ಪ್ರದರ್ಶನ ಸಾಗದೆಂದು ನನಗೂ ಒಪ್ಪಿಗೆಯಾಗಿತ್ತು), ನನ್ನ ಕುರಿಯೂ ಬಂದು ನಗೆಯ ನಡುವೆ ಹೋಯಿತು.

"ಸೆಕೆ ಆಯ್ತದಲ್ಲಮ್ಮ," ಎಂದರು ಯಾರೋ.

"ಬೆವ್ತಾ? ಇನ್ನೇನಪ್ಪ ಬೇಕು ಕಂಬ್ಳಿಗೆ?" ಎಂಬ ಈರಜ್ಜಿಯ ದನಿ ಬಂತು.

ಆ ಕತ್ತಲೆಯಲ್ಲಿ ನಾನು ಇನ್ನೊಂದನ್ನು ಗಮನಿಸಿದೆ. ಯಾರ ಪಕ್ಕದಲ್ಲಿ ಯಾರು ಕೂತರೆಂದು ಯಾರಿಗೂ ಗೊತ್ತಿರಲಿಲ್ಲ. ಸಂತೆಯ ಅಂಚಿನಲ್ಲೇ ನಿಲ್ಲಬೇಕಾದವರೂ ಒಳಗೆ ಬಂದಿದ್ದರು. ಅಂಚಿನಲ್ಲಿ ನಿಲ್ಲಿಸುವವರೂ ಒಳಗಿದ್ದರು. ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ನಾನು ಎಷ್ಟು ಭಾಷಣ ಮಾಡಿದರೂ ಆಗದಿದ್ದುದನ್ನು ಒಂದಿಷ್ಟು ಉಣ್ಣೆ ಮಾಡಿತ್ತು.

ಬಿಸಿಲು ನೆತ್ತಿಗೆ ಬಂದಾಗ ಆಗಬಾರದ್ದು ಆಯಿತು. ಸೂರಿನ ಒಂದು ಮೂಲೆಯಲ್ಲಿ ಬೆಳಕಿನ ಚುಕ್ಕಿ ಮೂಡಿತು. ಅದರ ಪಕ್ಕ ಇನ್ನೊಂದು. ನೋಡುನೋಡುತ್ತ ಆ ಕಂಬಳಿಯೆಲ್ಲ ಚುಕ್ಕಿಯಾಯಿತು.

"ಅರೇ, ಹಗಲಲ್ಲೇ ತಾರೆ ತೋರಿಸ್ತಾರೆ. ಇದೂ ತಮಾಷಾನಾ?" ಎಂದರು ಸಿರಾದಲ್ಲಿ ಗಾಡಿ ಹೊಡೆಯುವ ಸಾಬರೊಬ್ಬರು.

ಅದು ತಮಾಷೆಯಾಗಿರಲಿಲ್ಲ. ಒಟ್ಟಿಲಿಗೆ ಇನ್ನೊಂದು ಸೇರಲೆಂದು ಕರಿಯಣ್ಣ ಅವಸರದಲ್ಲಿ ನೇಯ್ದ ಕಂಬಳಿ ಅದು. ಬೆಳಕು ತಡೆಯದ್ದು ಚಳಿ ತಡೆಯುವುದೇ ಎಂದು ಸಾಹುಕಾರರನ್ನು ಕೇಳಿದ್ದ ನಮ್ಮವರ ಸೂರೇ ಈಗ ಸೋರುತ್ತಿತ್ತು. ನನ್ನ ಪಕ್ಕದಲ್ಲಿ ಕರಿಯಣ್ಣನ ಉಸಿರು ಕೇಳಿಸಿತು. "ಸುಮ್ಕಿರಿ ಮೇಷ್ಟ್ರಮ್ಮ. ಇವತ್ತೊಂದಿನ ಸುಮ್ಕಿರಿ," ಎಂದು ಬೇಡಿಕೊಂಡ. ಆತನ ಮಾತಿನಲ್ಲಿ ಇಡೀ ಹಟ್ಟಿಯ ಚಳಿಗಾಲವಿತ್ತು. ಈ ಸಂತೆ ಕೈಬಿಟ್ಟರೆ ಸಂಘವಿಲ್ಲ, ದಲ್ಲಾಳಿಯ ಬಾಗಿಲೊಂದೇ.

ಊರಿನವರ ತಪ್ಪನ್ನೆಲ್ಲ ಹೆಸರು ಹಿಡಿದು ಕರೆದವಳು ನಮ್ಮ ತಪ್ಪಿನ ಮುಂದೆ ಕಡಲೆ ಅಗಿಯುತ್ತ ಕೂರುವುದು ಹೇಗೆ? ಎದ್ದು ನಿಂತೆ. "ಮಹಾಜನಗಳೇ, ಆ ಮೂಲೆಯ ಕಂಬಳಿಯ ನೇಯ್ಗೆಯಲ್ಲಿ ದೋಷವಿದೆ. ಅದೂ ನಮ್ಮ ಸಂಘದ್ದೇ," ಎಂದೆ.

ಕರಿಯಣ್ಣನ ಮುಖ ಕತ್ತಲೆಯಲ್ಲಿ ಕಾಣಿಸದೆ ಹೋದದ್ದು ನನ್ನ ಪುಣ್ಯ.

ಅಷ್ಟರಲ್ಲಿ ಈರಜ್ಜಿ ನಿಧಾನವಾಗಿ ಹೇಳಿದಳು: "ಅದು ಬ್ಯಾಸ್ಗೆ ಕಂಬ್ಳಿ ಕಣಪ್ಪ. ಗಾಳಿ ಆಡ್ಲಿ ಅಂತ ನನ್ನ ಮಗ ಬುಟ್ಟವ್ನೆ."

ಮೊದಲು ಸಾಬರು ನಕ್ಕರು, ಆಮೇಲೆ ಎಲ್ಲರೂ. ನಗು ಇಳಿಯುವಷ್ಟರಲ್ಲಿ ಜನರ ಕಣ್ಣು ಚಿತ್ರ ಬಿಟ್ಟು ಸೂರಿನ ಮೇಲೆ ನೆಟ್ಟಿತ್ತು. ಚುಕ್ಕಿಯಿದ್ದ ಕಂಬಳಿ ಒಂದೇ. ಉಳಿದವೆಲ್ಲ ನೆತ್ತಿಯ ಸೂರ್ಯನನ್ನು ಎಳ್ಳಷ್ಟೂ ಒಳಗೆ ಬಿಟ್ಟಿರಲಿಲ್ಲ. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಪಾವಗಡದ ಕಡಲೆಕಾಯಿ ವ್ಯಾಪಾರಿಯೊಬ್ಬರು ಎದ್ದು ತಮ್ಮ ತಲೆಯ ಮೇಲಿನ ಕಂಬಳಿಗೆ ಬೆರಳು ತೋರಿಸಿ, "ಅಮ್ಮಾ, ಆ ಪೈದಿ ನಾಕು ಇಚ್ಚೇಯಿ. ಆ ಮೇಲಿನದೇ ನನಗೆ ಕೊಡಿ, ಬೇರೇದು ಬೇಡ," ಎಂದು ಅರ್ಧ ತೆಲುಗಿನಲ್ಲಿ ಕೇಳಿದರು.

"ಅದು ಸೂರು ಸ್ವಾಮಿ," ಎಂದ ಶಾಮಣ್ಣ.

"ಸೂರೇ ಕೊಡಿ."

ಮುಳ್ಳು ಕಿತ್ತು ಕೊಟ್ಟೆವು. ಡೇರೆಯೊಳಗೆ ಒಂದು ಚೌಕ ಆಕಾಶ ಇಳಿಯಿತು. ಆಮೇಲೆ ಮತ್ತೊಬ್ಬರು ಗೋಡೆ ಕೇಳಿದರು, ಮಗುದೊಬ್ಬರು ಬಾಗಿಲು ಕೇಳಿದರು. ಕೆಳಗಿನಿಂದ ಬೆಳಕಿಗೆ ಕಣ್ಣಿಟ್ಟು ನೋಡಿ, ತಮಗೆ ಬೇಕಾದದ್ದನ್ನು ತಾವೇ ಆರಿಸಿ, ನಮ್ಮ ತಲೆಯ ಮೇಲಿಂದಲೇ ಕಳಚಿಕೊಂಡು ಹೋದರು. ಚಿತ್ರ ಮಂಕಾಗುತ್ತ ಬಂದು ಕೊನೆಗೆ ಬಿಸಿಲಿನಲ್ಲಿ ಕರಗಿಹೋಯಿತು. ಬೆಳಕು ಬಂದಾಗ ಪಕ್ಕದವರನ್ನು ಕಂಡು ಕೆಲವರು ಸರಕ್ಕನೆ ಎದ್ದರು. ಕೆಲವರು ಏಳಲಿಲ್ಲ. ಎದ್ದವರನ್ನು ನಾನು ಹೆಸರು ಹಿಡಿದು ಕರೆಯಬಲ್ಲೆ. ಏಳದೆ ಕುಳಿತವರನ್ನು ಮಾತ್ರ ಇಂದು ನೆನೆಯುತ್ತೇನೆ.

ಹೊತ್ತಿಳಿಯುವಾಗ ಬರಿಯ ಗಳಗಳು ನಿಂತಿದ್ದವು. ಶಾಮಣ್ಣ ಲಾಟೀನನ್ನು ಪೆಟ್ಟಿಗೆಗಿಡುತ್ತ, "ಅಂಗಡಿಯಲ್ಲಿ ಮಾರುವವರನ್ನು ಕಂಡಿದ್ದೇನೆ. ಅಂಗಡಿಯನ್ನೇ ಮಾರಿದವರನ್ನು ಇವತ್ತು ಕಂಡೆ," ಎಂದ. ಮೂಲೆಯ ಎರಡು ಗಳದ ಮೇಲೆ ಬೇಸಿಗೆ ಕಂಬಳಿ ಒಂದೇ ಉಳಿದಿತ್ತು. ಕರಿಯಣ್ಣ ಅದನ್ನು ಇಳಿಸಿ ತಂದು ನನ್ನ ತೊಡೆಯ ಮೇಲೆ ಹಾಕಿದ.

"ತಗಳಿ. ನೀವು ತೋರ್ಸಿದ್ದು, ನೀವೇ ಇಟ್ಕಳಿ."

ಅದು ಸಿಟ್ಟೋ ಸ್ನೇಹವೋ ಆಗ ತಿಳಿಯಲಿಲ್ಲ. ಆದರೆ ಆತ ದಲ್ಲಾಳಿಯ ಕಡೆಗೆ ಹೋಗಲಿಲ್ಲ. ಹಟ್ಟಿಯ ಯಾರೂ ಹೋಗಲಿಲ್ಲ. ಮಗ್ಗದಿಂದ ಇಳಿದ ಪ್ರತಿಯೊಂದು ಕಂಬಳಿಯನ್ನೂ ಬಿಸಿಲಿಗೆ ಹಿಡಿದು ನೋಡದೆ ಹೊರಗೆ ಕಳಿಸಬಾರದೆಂಬ ಕಟ್ಟಳೆಯನ್ನು ಸಂಘದಲ್ಲಿ ತಂದವನೂ ಆತನೇ. ಮದಲೂರಿನ ಕಡೆಯವರು ಈಗಲೂ ಅಂಗಡಿಯಲ್ಲಿ, "ಬಿಸಿಲಿಗೆ ಹಿಡಿದ ಕಂಬಳಿ ಕೊಡಿ," ಎಂದು ಕೇಳುತ್ತಾರೆಂದು ಕೇಳಿದ್ದೇನೆ.

ನನ್ನ ಋಣ ದೊಡ್ಡದು. ತಂದೆಯ ಹಕ್ಕಿಗೆ, ಶಾಮಣ್ಣನ ಲಾಟೀನಿಗೆ, ತಮ್ಮ ರಗ್ಗನ್ನು ತಾವೇ ಕಟ್ಟಿಸಿದ ಸಾಹುಕಾರರಿಗೆ, ನಾನು ಬೇಡವೆಂದರೂ ಪರದೆಯ ಹಿಂದೆಯೇ ಕುಳಿತ ಹೆಂಗಸರಿಗೆ. ನಾನು ತಪ್ಪನ್ನು ಹೇಳಿದ ಮೇಲೂ ಬದುಕುವುದಕ್ಕೆ ಒಂದು ನಗೆಯ ದಾರಿ ಬಿಟ್ಟುಕೊಟ್ಟ ಈರಜ್ಜಿಗೆ ಎಲ್ಲರಿಗಿಂತ ಹೆಚ್ಚಾಗಿ.

ನಿಮಗೆ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಬಡಗಿ ಕದ ಹೊತ್ತು ತಂದ. ಒಳ್ಳೆಯ ಹೊನ್ನೆಮರದ ಕದ. ಕಿಟಕಿಯ ಮುಂದೆ ನಿಂತು, ಕಂಬಳಿ ಇಳಿಸಲೆಂದು ಕೈಯೆತ್ತಿದ.

"ಅದು ಬೇಡಪ್ಪ. ಅಡುಗೆಮನೆಯ ಕಿಟಕಿಗೆ ಹಾಕು," ಎಂದೆ.

"ಅದರ ಅಳತೆ ಬೇರೆ ಆಯ್ತದಲ್ಲಮ್ಮ."

"ಹಾಗಾದರೆ ಮತ್ತೆ ಅಳತೆ ತೆಗೆದುಕೊಂಡು ಹೋಗು."

ಆತನ ಮುಖ ಅರಳಿತು. ಅಳತೆ ತೆಗೆದುಕೊಂಡು, ಕೈಮುಗಿದು ಹೋದ.